ಟಿವಿ ಕಾಮಿಡಿ, ಡಾಕ್ಯುಮೆಂಟರಿ: ಎರಡರಲ್ಲಿ ನಿಮಗೆ ಯಾವುದು ಇಷ್ಟ? ಮುಚ್ಚುಮರೆ ಇಲ್ಲದೆ ಹೇಳಿ

ಡಾಕ್ಯುಮೆಂಟರಿ ನೋಡಿದರೆ ನಾಲ್ಕು ವಿಷಯ ತಿಳಿಯುತ್ತದೆ, ಕಾಮಿಡಿ ಸುಮ್ನೆ ಟೈಂ ಪಾಸ್, ಹೌದಲ್ವಾ ಅಂತ ಕೇಳಿದ್ದೀರಿ. ನನ್ನ ಲೆಕ್ಕ ಸ್ವಲ್ಪ ಉಲ್ಟಾ. ಎರಡನ್ನೂ ವರ್ಷಗಟ್ಟಲೆ ನೋಡಿದ್ದೇನೆ, ನೋಡಬೇಕಾದ್ದಕ್ಕಿಂತ ಜಾಸ್ತಿಯೇ. ಕಾಮಿಡಿ ಸುಳ್ಳು ಹೇಳುವಾಗ ‘ಇದು ಸುಳ್ಳು’ ಅಂತ ಹೇಳಿಯೇ ಹೇಳುತ್ತದೆ. ಡಾಕ್ಯುಮೆಂಟರಿಯಲ್ಲಿ ಅದನ್ನು ನಾವೇ ಹುಡುಕಬೇಕು.

ಹಾಗಂತ ಕಾಮಿಡಿಯಲ್ಲಿ ಎಲ್ಲವೂ ಇಷ್ಟ ಅಂತಲ್ಲ. ಪ್ರತಿ ಜೋಕ್ ಆದ ಕೂಡಲೇ ಹಿಂದೆ ಕೇಳುವ ಆ ಪ್ರೇಕ್ಷಕರ ನಗು ನನಗೆ ಆಗಿಬರುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ನಾನಾ ತರಹದ ನಗುಗಳನ್ನು ಟೇಪಿನಲ್ಲಿ ತುಂಬಿ, ಗುಂಡಿ ಒತ್ತಿದರೆ ನಗುವ ಪೆಟ್ಟಿಗೆಯನ್ನೇ ಮಾಡಿಬಿಟ್ಟ. ಎಲ್ಲ ಶೋಗಳ ನಗುವೂ ಆ ಪೆಟ್ಟಿಗೆಯದ್ದಲ್ಲ ಬಿಡಿ. ‘ಫ್ರೆಂಡ್ಸ್’ನಂಥವನ್ನು ಪ್ರೇಕ್ಷಕರನ್ನು ಕೂರಿಸಿಕೊಂಡೇ ಶೂಟ್ ಮಾಡುತ್ತಿದ್ದರು. ಆದರೂ ಯೂಟ್ಯೂಬ್‌ನಲ್ಲಿ ನಗು ತೆಗೆದುಹಾಕಿದ ಸೀನ್‌ಗಳು ಸಿಗುತ್ತವೆ, ಒಮ್ಮೆ ನೋಡಿ. ಒಬ್ಬ ಡೈಲಾಗ್ ಹೇಳುತ್ತಾನೆ. ಎದುರಿಗಿದ್ದವಳು ಉತ್ತರ ಕೊಡದೆ ಎರಡು ಮೂರು ಸೆಕೆಂಡ್ ಅವನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ. ಇನ್ನೊಂದು ಡೈಲಾಗ್, ಮತ್ತೆ ಮೌನ. ಜಗಳ ಆಡಿ ಮಾತು ಬಿಟ್ಟವರ ಮನೆಗೆ ಹೋದ ಹಾಗೆ ಇರುತ್ತದೆ. ಹೀಗೆ ನೋಡುವುದು ಅವರಿಗೆ ಅನ್ಯಾಯ, ನಿಜ. ಆ ಬಿಡುವು ಇದ್ದದ್ದೇ ನಗುವಿಗೆ.

ನನ್ನ ಕಣ್ಣು ತೆರೆಸಿದ್ದು ‘ಮ್ಯಾಶ್’. 1972ರಿಂದ 1983ರವರೆಗೆ ಬಂದ ಅಮೆರಿಕದ ಕಾಮಿಡಿ ಶೋ, ಕೊರಿಯಾ ಯುದ್ಧದ ನಡುವೆ ಇರುವ ಒಂದು ಸೇನಾ ಆಸ್ಪತ್ರೆಯ ಕಥೆ. ಚಾನೆಲ್‌ನವರಿಗೆ ನಗು ಬೇಕೇ ಬೇಕು, ಶೋ ಮಾಡುವವರಿಗೆ ಬೇಡ. ಕೊನೆಗೆ ರಾಜಿ ಆಯಿತು: ಆಪರೇಷನ್ ಥಿಯೇಟರ್ ಸೀನ್‌ಗಳಲ್ಲಿ ನಗು ಹಾಕುವಂತಿಲ್ಲ. ಬ್ರಿಟನ್‌ನಲ್ಲಿ ಬಿಬಿಸಿ ನಗು ಇಲ್ಲದೆಯೇ ತೋರಿಸಿತು. ನನಗೆ ಹಾಗೆ ನೋಡುವುದೇ ಇಷ್ಟ. ನಗು ಇದ್ದಾಗ ಜೋಕ್ ಆಗಿದ್ದದ್ದು, ಅದು ಹೋದ ಮೇಲೆ ನಿದ್ದೆಗೆಟ್ಟ ಡಾಕ್ಟರೊಬ್ಬ ತಲೆ ಕೆಡದಿರಲಿ ಅಂತ ಆಡುವ ಮಾತಾಗಿ ಕೇಳಿಸುತ್ತದೆ.

ಈಗ ಡಾಕ್ಯುಮೆಂಟರಿಗೆ ಬರೋಣ. ಅಲ್ಲಿ ಈ ನಗುವಿನ ಕೆಲಸವನ್ನು ಸಂಗೀತ ಮಾಡುತ್ತದೆ. ಈಗ ಹೆದರು, ಈಗ ಅಳು, ಸರಿ ಈಗ ಉಸಿರು ಬಿಡು. ಇದನ್ನು ಯಾರೂ ಆಡಿಕೊಳ್ಳುವುದಿಲ್ಲ, ಯಾಕೆಂದರೆ ಪಿಟೀಲಿನ ಸದ್ದಿಗೆ ಮರ್ಯಾದೆ ಜಾಸ್ತಿ.

2016ರ ಬಿಬಿಸಿ ಡಾಕ್ಯುಮೆಂಟರಿ ‘ಪ್ಲಾನೆಟ್ ಅರ್ಥ್ 2’ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಇಗ್ವಾನಾ ಎಂಬ ದೊಡ್ಡ ಹಲ್ಲಿಯಂಥ ಪ್ರಾಣಿಯ ಮರಿಯೊಂದು ಹಾವುಗಳಿಂದ ತಪ್ಪಿಸಿಕೊಂಡು ಓಡುವ ಸೀನ್ ಇದೆಯಲ್ಲ, ಅದನ್ನು ಮೊದಲ ಸಲ ನೋಡಿದಾಗ ನಾನು ಕೂತಲ್ಲಿಂದ ಎದ್ದುನಿಂತಿದ್ದೆ. ಆಮೇಲೆ ಆ ಕಾರ್ಯಕ್ರಮದ ನಿರ್ಮಾಪಕಿಯೇ ಹೇಳಿದರು, ಅದು ಒಂದೇ ಇಗ್ವಾನಾ ಅಲ್ಲ, ಬೇರೆ ಬೇರೆ ಮರಿಗಳ ಓಟವನ್ನು ಸೇರಿಸಿ ಮಾಡಿದ್ದು ಅಂತ. ಹಾವು ನಿಜ, ಓಟ ನಿಜ. ‘ನಮ್ಮ ಹೀರೋ ಬಚಾವಾದ’ ಅನ್ನುವ ಕಥೆ ಮಾತ್ರ ಎಡಿಟಿಂಗ್‌ನಲ್ಲಿ ಹುಟ್ಟಿದ್ದು. ಅದನ್ನೇ ಮ್ಯೂಟ್ ಮಾಡಿ ನೋಡಿ. ನನಗೆ ಹಾಗೆ ನೋಡಿದಾಗಲೇ ಕಂಡದ್ದು, ಓಡುವುದಕ್ಕೆ ಮುಂಚೆ ಮರಿ ಅಲ್ಲಾಡದೆ ನಿಂತಿರುತ್ತದೆ. ಹಾವು ಪಕ್ಕದಲ್ಲೇ ಹರಿದು ಹೋಗುತ್ತದೆ. ಹಾವಿಗೆ ಅಲುಗಾಡುವುದು ಬೇಗ ಕಾಣುತ್ತದೆ, ಅದಕ್ಕೇ ಆ ನಿಲುವು. ಆ ನಿಂತಿರುವ ಕ್ಷಣ ಓಟಕ್ಕಿಂತ ಭಯ ಹುಟ್ಟಿಸುತ್ತದೆ, ಯಾವ ಡ್ರಮ್ಮೂ ಬೇಕಿಲ್ಲ.

ಸದ್ದಿನ ಕಥೆಯೂ ಹಾಗೆಯೇ. ದೊಡ್ಡ ಲೆನ್ಸ್ ದೂರದ ಪ್ರಾಣಿಯನ್ನು ಹತ್ತಿರ ತರುತ್ತದೆ, ಮೈಕ್‌ಗೆ ಆ ಶಕ್ತಿ ಇಲ್ಲ. ಹಿಮದ ಮೇಲಿನ ಹೆಜ್ಜೆ ಸದ್ದನ್ನು ಎಷ್ಟೋ ಸಲ ಸ್ಟುಡಿಯೋದಲ್ಲಿ ಕೂತು ಯಾರೋ ಮಾಡಿರುತ್ತಾರೆ. ಇದರ ಬಗ್ಗೆ ನನ್ನ ತಕರಾರಿಲ್ಲ. 2011ರ ಬಿಬಿಸಿಯ ‘ಫ್ರೋಜನ್ ಪ್ಲಾನೆಟ್’ನ ಹಿಮಕರಡಿ ಮರಿಗಳನ್ನು ನೆದರ್ಲೆಂಡ್ಸ್‌ನ ಮೃಗಾಲಯದಲ್ಲಿ ಚಿತ್ರಿಸಿದ್ದು ಅಂತ ಗೊತ್ತಾದಾಗ ದೊಡ್ಡ ಗಲಾಟೆಯಾಯಿತು. ಕಾಡಿನ ಕರಡಿಯ ಗುಹೆಗೆ ಕ್ಯಾಮೆರಾ ತೂರಿಸುವುದು ತಾಯಿಗೂ ಅಪಾಯ, ಮರಿಗೂ ಅಪಾಯ, ಒಪ್ಪುತ್ತೇನೆ. ಬಿಬಿಸಿ ವೆಬ್‌ಸೈಟಿನಲ್ಲಿ ಈ ವಿಷಯ ಹಾಕಿತ್ತು. ಆದರೆ ಟಿವಿ ನೋಡುವವನು ವೆಬ್‌ಸೈಟ್ ಯಾಕೆ ಹುಡುಕಬೇಕು? ನಿರೂಪಣೆಯಲ್ಲಿ ಒಂದು ವಾಕ್ಯ ಸಾಕಿತ್ತು.

ಕ್ಷಮಿಸಲಾಗದ್ದೂ ಇದೆ. 1958ರಲ್ಲಿ ಡಿಸ್ನಿಯ ‘ವೈಟ್ ವೈಲ್ಡರ್‌ನೆಸ್’ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ಸಮುದ್ರಕ್ಕೆ ಹಾರುವುದನ್ನು ತೋರಿಸಿತು. ಚಿತ್ರಿಸಿದ್ದು ಕೆನಡಾದ ಆಲ್ಬರ್ಟಾದಲ್ಲಿ, ಅಲ್ಲಿ ಸಮುದ್ರವೇ ಇಲ್ಲ. ಪಾಪ, ಆ ಪ್ರಾಣಿಗಳನ್ನು ಬೇರೆ ಕಡೆಯಿಂದ ತಂದು ತಳ್ಳಿದ್ದರು. ಅದಕ್ಕೆ ಆಸ್ಕರ್ ಬೇರೆ ಬಂತು! ಇವತ್ತಿಗೂ ಲೆಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅಂತ ನಂಬುವವರಿದ್ದಾರೆ.

ಈಗಿನ ಕ್ರೈಂ ಡಾಕ್ಯುಮೆಂಟರಿಗಳ ಬಗ್ಗೆ ಒಂದೇ ಮಾತು: ಒಂದೂವರೆ ಗಂಟೆಯ ವಿಷಯವನ್ನು ಆರು ಎಪಿಸೋಡ್‌ಗೆ ಎಳೆಯಬೇಡಿ. ಡ್ರೋನ್‌ನಲ್ಲಿ ಕಾಡು, ಕತ್ತಲೆಯಲ್ಲಿ ಖಾಲಿ ಕುರ್ಚಿ, ‘ಆಗ ಫೋನ್ ಬಂತು’, ಮುಂದಿನ ಕಂತಿಗೆ ಕಾಯಿರಿ. ಸಾಕಪ್ಪಾ.

ಹಾಗಾದರೆ ಯಾವ ಡಾಕ್ಯುಮೆಂಟರಿಯನ್ನು ನಂಬುತ್ತೀರಿ ಅಂದರೆ, ತನ್ನ ತಪ್ಪನ್ನು ತಾನೇ ತೋರಿಸುವಂಥದ್ದನ್ನು. ಬ್ರಿಟನ್‌ನ ‘ಅಪ್’ ಸರಣಿ 1964ರಲ್ಲಿ ಏಳು ವರ್ಷದ 14 ಮಕ್ಕಳಿಂದ ಶುರುವಾಯಿತು. ಪ್ರತಿ ಏಳು ವರ್ಷಕ್ಕೊಮ್ಮೆ ಅವರನ್ನೇ ಹುಡುಕಿಕೊಂಡು ಹೋದರು. 2019ರ ಹೊತ್ತಿಗೆ ಅವರಿಗೆ 63. ನಿರ್ದೇಶಕ ಮೈಕೆಲ್ ಆಪ್ಟೆಡ್, ಬಡ ಬಡಾವಣೆಯ ಒಬ್ಬ ಹುಡುಗ 21ನೇ ವಯಸ್ಸಿಗೆ ದಾರಿ ತಪ್ಪುತ್ತಿದ್ದಾನೆ, ಮುಂದೆ ಜೈಲಿಗೇ ಹೋಗುತ್ತಾನೆ ಅಂದುಕೊಂಡು, ಅವನ ಕೈಲಿ ಕಾರು ಓಡಿಸಿ ಕಳ್ಳಕಾಕರ ಅಡ್ಡೆಗಳನ್ನು ಚಿತ್ರಿಸಿಕೊಂಡರು. ಆ ಹುಡುಗ ಮುಂದೆ ನೆಟ್ಟಗೆ ಟ್ಯಾಕ್ಸಿ ಓಡಿಸಿ ಸಂಸಾರ ಮಾಡಿದ. ತಮ್ಮ ಊಹೆ ತಪ್ಪಾಗಿತ್ತು ಅಂತ ಆಪ್ಟೆಡ್ ಒಪ್ಪಿಕೊಂಡರು. ಅವರಿಗೆಲ್ಲ 49 ವಯಸ್ಸಾದಾಗಿನ ಕಂತಿನಲ್ಲಿ ಅವರಲ್ಲೇ ಒಬ್ಬ ಹೆಂಗಸು ಕ್ಯಾಮೆರಾ ಮುಂದೆಯೇ ನಿರ್ದೇಶಕರಿಗೆ ತಿರುಗಿಬೀಳುತ್ತಾರೆ, ನೀವು ನನ್ನನ್ನು ಕಾಣುವ ರೀತಿಯೇ ಸರಿಯಿಲ್ಲ ಅಂತ. ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾರೆ. ಆ ಬೈಗುಳ ನೋಡಿದ ಮೇಲೆ ಉಳಿದದ್ದನ್ನೂ ನಂಬುವ ಮನಸ್ಸಾಯಿತು.

ಎರಡೂ ಬೇಕು ಅಂದರೆ 2001ರ ಬ್ರಿಟಿಷ್ ‘ದಿ ಆಫೀಸ್’ ನೋಡಿ. ಡಾಕ್ಯುಮೆಂಟರಿ ಥರ ತೆಗೆದ ಕಾಮಿಡಿ, ಹಿಂದೆ ನಗು ಇಲ್ಲ. ಅದರ ಬಾಸ್ ಏನಾದರೂ ದೊಡ್ಡ ಮಾತಾಡಿದಾಗೆಲ್ಲ ಓರೆಗಣ್ಣಲ್ಲಿ ಕ್ಯಾಮೆರಾ ಕಡೆ ನೋಡುತ್ತಾನೆ, ಸಿಕ್ಕಿತಾ ಅಂತ. ಕ್ಯಾಮೆರಾ ಮುಂದೆ ಮನುಷ್ಯ ಹಾಕುವ ವೇಷವನ್ನು ಇಷ್ಟು ಚೆನ್ನಾಗಿ ತೋರಿಸಿದ ಡಾಕ್ಯುಮೆಂಟರಿ ನಾನು ಕಂಡಿಲ್ಲ.

ಸುಮ್ನೆ ನಗಬೇಕು ಅನಿಸಿದರೆ ಬ್ರಿಟಿಷ್ ಕಾಮಿಡಿ ‘ಫಾಲ್ಟಿ ಟವರ್ಸ್’. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಎಪಿಸೋಡ್, ಮುಗೀತು. ಅದರಲ್ಲೂ ಹಿಂದೆ ನಗು ಇದೆ ಅಂತ ನೀವು ಕೇಳುತ್ತೀರಿ. ಇದೆ. ನಾನು ನಗುವ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.