ಓದುಗರ ಪ್ರಶ್ನೆ: ಬದುಕಿನ ಕಥೆಯೇ ಪಾಠವಾಗಬಹುದೇ?

ಪ್ರಶ್ನೆ: ನಮ್ಮೂರಿನ ವಯಸ್ಕರ ಕಲಿಕಾ ಕೇಂದ್ರದಲ್ಲಿ ನಾನು ಸ್ವಯಂಸೇವಕಿ. ಬರುವವರಲ್ಲಿ ಹೆಚ್ಚಿನವರು 40 ದಾಟಿದ ಹೆಣ್ಣುಮಕ್ಕಳು. ಪುಸ್ತಕ ತೆರೆದರೆ ಆಕಳಿಸುತ್ತಾರೆ. ತಮ್ಮ ಬಾಳಿನ ಮಾತು ಬಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ಕಥೆಗಳಿಂದಲೇ ಓದುಬರಹ ಕಲಿಸಬಹುದೇ, ಮೇಡಂ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಖಂಡಿತ ಕಲಿಸಬಹುದು. ಆದರೆ ಕಥೆ ಕೇಳಿ ಮುಗಿದ ಮೇಲೆ ಎಂದಿನ ಪುಸ್ತಕಕ್ಕೆ ಮರಳಿದರೆ ಪ್ರಯೋಜನವಿಲ್ಲ. ಅವರು ಹೇಳಿದ ವಾಕ್ಯವೇ ಆ ದಿನದ ಪಠ್ಯವಾಗಬೇಕು. 'ನಿಮ್ಮ ಜೀವನದ ಬಗ್ಗೆ ಹೇಳಿ' ಎಂದು ಕೇಳಬೇಡಿ, ಅಷ್ಟು ದೊಡ್ಡ ಪ್ರಶ್ನೆಗೆ ಯಾರಾದರೂ ತಡವರಿಸುತ್ತಾರೆ. ಮೊದಲ ಸಲ ಗುಳೆ ಹೋದ ದಿನ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದ ದಿನ, ಸಂಘದ ಸಾಲದಿಂದ ಕೊಂಡ ಎಮ್ಮೆ, ಇಂಥ ಒಂದೇ ಸಂಗತಿಯನ್ನು ಕೇಳಿ. ಅದರಲ್ಲಿ ಮೂರು ನಾಲ್ಕು ವಾಕ್ಯಗಳನ್ನು ಅವರೆದುರೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಬೆರಳಿಟ್ಟು ಓದಿ ತೋರಿಸಿ, ಆಮೇಲೆ ಅವರಿಂದ ಓದಿಸಿ. ತಾವೇ ಆಡಿದ ಮಾತಾದ್ದರಿಂದ ಮುಂದಿನ ಪದ ಯಾವುದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಆ ಬಲದಿಂದ ಅಕ್ಷರ ಗುರುತಿಸುವುದು ಸಲೀಸಾಗುತ್ತದೆ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಜನರಿಗೆ ಅಕ್ಷರ ಕಲಿಸಲು ಹೊರಟಾಗಲೂ ಆ ಜನರ ದಿನನಿತ್ಯದ ಮಾತಿನಿಂದಲೇ ಪದಗಳನ್ನು ಆಯ್ದುಕೊಂಡು, ಅವುಗಳ ಹಿಂದಿನ ಬದುಕನ್ನು ಚರ್ಚಿಸುತ್ತಲೇ ಬಿಡಿಸಿ ಓದುವುದನ್ನು ಹೇಳಿಕೊಡಲಾಗಿತ್ತು.

ಒತ್ತಕ್ಷರದ ಚಿಂತೆ ನಿಮ್ಮನ್ನು ಕಾಡಬಹುದು. ಸಾಮಾನ್ಯವಾಗಿ ಒತ್ತಕ್ಷರವನ್ನು ಕೊನೆಯ ಪಾಠಗಳಿಗೆ ಇಟ್ಟುಕೊಳ್ಳುತ್ತೇವೆ, ಆದರೆ ಬದುಕಿನ ಕಥೆ ಅವ್ವ, ಅಪ್ಪ, ಹಟ್ಟಿ, ರೊಟ್ಟಿ ಎಂದೇ ಶುರುವಾಗುತ್ತದೆ. ಇವುಗಳನ್ನು ಸದ್ಯಕ್ಕೆ ಇಡೀ ಪದವಾಗಿ ಗುರುತಿಸಲಿ. ಬರೆಯುವ ಅಭ್ಯಾಸವನ್ನು ಬರ, ಸಾಲ, ಗುಳೆ, ಮದುವೆ ಮುಂತಾದ ಪದಗಳಿಂದ ಆರಂಭಿಸಿ. ಒತ್ತಿಲ್ಲದ ಇಂಥವೂ ಅದೇ ಕಥೆಯಲ್ಲಿ ಬೇಕಾದಷ್ಟು ಸಿಗುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. 'ನಮ್ಮವ್ವ ನಸಿಕಿನ್ಯಾಗ ಎದ್ದು ರೊಟ್ಟಿ ಬಡೀತಿದ್ಲು' ಎಂದರೆ ಹಾಗೆಯೇ ಬರೆಯಿರಿ. 'ನಮ್ಮ ತಾಯಿ ಬೆಳಗಿನ ಜಾವ ಎದ್ದು ರೊಟ್ಟಿ ಮಾಡುತ್ತಿದ್ದರು' ಎಂದು ತಿದ್ದಿದೊಡನೆ ಅದು ನಿಮ್ಮ ವಾಕ್ಯವಾಗಿಬಿಡುತ್ತದೆ, ಬಾಯಿಗೆ ಬರುವುದೊಂದು, ಕಣ್ಣಿಗೆ ಕಾಣುವುದೊಂದು ಆಗಿ ಅವರು ಎಡವುತ್ತಾರೆ. ಅರ್ಜಿಯ ಕನ್ನಡವನ್ನೂ ಅವರು ಕಲಿಯಲೇಬೇಕು ನಿಜ. ತಮ್ಮ ವಾಕ್ಯ ಸರಾಗವಾಗಿ ಓದಲು ಬಂದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿ.

ಪ್ರಶ್ನೆ: ನಮ್ಮ ಕೇಂದ್ರದವರ ಜೀವನಕಥೆಗಳನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಲು ದಾನಿಗಳೊಬ್ಬರು ಮುಂದೆ ಬಂದಿದ್ದಾರೆ. ಒಬ್ಬಾಕೆ ಗಂಡನ ಮನೆಯ ಕಷ್ಟವನ್ನು ಅಳುತ್ತಲೇ ಹೇಳಿದ್ದಾರೆ, ಅದು ಎಲ್ಲಕ್ಕಿಂತ ಮನಮುಟ್ಟುವ ಕಥೆ. ಸೇರಿಸಬಹುದೇ?
– ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಆಕೆಯೇ ಮುಂದಾಗಿ ಬಯಸಿದ ಹೊರತು ಸೇರಿಸಬೇಡಿ, ಸರ್. ದುಃಖದಲ್ಲಿ ಹೊರಬಿದ್ದ ಮಾತು ಅಚ್ಚಾದರೆ ಅತ್ತೆ ಮನೆಯವರ ಕೈಗೂ ಸೇರುತ್ತದೆ. ಹೆಸರು ಬದಲಿಸಿದರೂ ಸಣ್ಣ ಊರಿನಲ್ಲಿ ಯಾರ ಕಥೆಯೆಂದು ತಿಳಿಯದೆ ಇರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೂ ಸಾಲದು, ಏಕೆಂದರೆ ಮೇಷ್ಟ್ರು ಕೇಳಿದಾಗ ಇಲ್ಲವೆನ್ನಲು ಯಾರಿಗೂ ಸಂಕೋಚವೇ. ಆ ಕಷ್ಟ ಈಗಲೂ ಮುಂದುವರಿದಿದ್ದರೆ ಪುಸ್ತಿಕೆಯ ಮಾತು ಹಾಗಿರಲಿ, ಮಹಿಳಾ ಸಹಾಯವಾಣಿ 181ರ ಬಗ್ಗೆ ಮೊದಲು ತಿಳಿಸಿ.

19ನೇ ಶತಮಾನದ ಬಂಗಾಳದಲ್ಲಿ, ಹೆಣ್ಣು ಓದುವುದು ಅಪಚಾರವೆಂದಿದ್ದ ಕಾಲದಲ್ಲಿ, ರಾಸಸುಂದರಿ ದೇವಿ ಎಂಬ ಗೃಹಿಣಿ ಚೈತನ್ಯ ಭಾಗವತವೆಂಬ ಭಕ್ತಿಗ್ರಂಥದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದಿಗೆ ಹೋಲಿಸಿ ನೋಡುತ್ತ ಓದು ಕಲಿತರು. ಮುಂದೆ ಅವರು ಬರೆದ ಆತ್ಮಕಥೆಯಲ್ಲಿ ಈ ಕಲಿಕೆಯ ಪರಿ ವಿವರವಾಗಿದೆ, ಗಂಡನ ಕುರಿತ ಮಾತು ಮಾತ್ರ ಬಹಳ ಕಡಿಮೆ. ಏನು ಹೇಳಬೇಕು, ಏನನ್ನು ಬಿಡಬೇಕು ಎಂಬ ಅಂಥ ಆಯ್ಕೆ ನಿಮ್ಮ ಕೇಂದ್ರದವರಿಗೂ ಇರಲಿ. ಅಚ್ಚಿಗೆ ಮುಂಚೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಅವರ ಬರಹವನ್ನು ಪೂರ್ತಿ ಓದಿ ಹೇಳಿ, ಬೇಡವೆಂದ ಸಾಲನ್ನು ಅವರೆದುರೇ ಹೊಡೆದುಹಾಕಿ. ಅಳುತ್ತ ಕಷ್ಟ ಹೇಳಿಕೊಂಡ ಆಕೆಗೆ ಬೇರೊಂದು ಕಥೆ ಬರೆಯುವ ಮನಸ್ಸಿದ್ದರೆ ಅದಕ್ಕಾಗಿ ಪುಸ್ತಿಕೆ ತಡವಾದರೂ ಅಡ್ಡಿಯಿಲ್ಲ, ದಾನಿಗಳಿಗೆ ಹಾಗೆಂದೇ ತಿಳಿಸಿ.