ಮರುಭೂಮಿಯ ಬೇಟೆಗಾರರ ಜೊತೆ ನಾಯಿ ಇತ್ತು ಅಂತ ಮೂಳೆ ನೋಡಿ ಹೇಗೆ ಹೇಳುತ್ತಾರೆ?

ನಿಮ್ಮ ಪ್ರಶ್ನೆ ಇದು: "ಹತ್ತು ಸಾವಿರ ವರ್ಷಕ್ಕಿಂತ ಹಿಂದೆ ಮರುಭೂಮಿಯ ಬೇಟೆಗಾರರು ನಾಯಿ ಜೊತೆ ಬೇಟೆ ಆಡುತ್ತಿದ್ದರು ಅಂತ ಓದಿದೆ. ಬರಹವೇ ಇಲ್ಲದ ಕಾಲ. ಇದೆಲ್ಲ ಸುಮ್ನೆ ಊಹೆ ಅಲ್ವಾ?"

ಅಲ್ಲ. ನಾನು ಪುರಾತತ್ವ ಓದಿದವನು, ಪ್ರಾಣಿಗಳ ಮೂಳೆ ಗುರುತಿಸುವುದು ನನಗೆ ಬಹಳ ಇಷ್ಟದ ಕೆಲಸ. ನೀವು ಓದಿದ್ದು ಬಹುಶಃ ಜೋರ್ಡಾನ್ ದೇಶದ ಶುಬೈಕಾ ಬಗ್ಗೆ ಇರಬೇಕು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಈಶಾನ್ಯ ಜೋರ್ಡಾನ್‌ನಲ್ಲಿ ಕಪ್ಪು ಮರುಭೂಮಿ ಅಂತ ಇದೆ. ಮರಳು ಕಡಿಮೆ, ಎಲ್ಲಿ ನೋಡಿದರೂ ಜ್ವಾಲಾಮುಖಿಯ ಕಪ್ಪು ಕಲ್ಲು. ನಡುವೆ ಶುಬೈಕಾ ಅನ್ನುವ ತಗ್ಗು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಆ ನೀರಿಗೆ ಬಂದಿಳಿಯುತ್ತಿದ್ದ ಬಾತುಗಳನ್ನು ಅಲ್ಲಿನ ಜನ ಹಿಡಿಯುತ್ತಿದ್ದರು, ಗಜೆಲ್ ಬೇಟೆ ಆಡುತ್ತಿದ್ದರು. ಗಜೆಲ್ ಅಂದರೆ ಜಿಂಕೆಯಂಥ ಪ್ರಾಣಿ, ನಮ್ಮ ಬಾಗಲಕೋಟೆ ಕಡೆಯ ಯಡಹಳ್ಳಿ ಕಾಡಿನಲ್ಲಿರುವ ಚಿಂಕಾರದ ಹತ್ತಿರದ ಸಂಬಂಧಿ. 14,400 ವರ್ಷ ಹಿಂದಿನ ಸುಟ್ಟ ರೊಟ್ಟಿಯ ಚೂರು ಸಿಕ್ಕಿದ್ದೂ ಇಲ್ಲಿನ ಒಲೆಯಲ್ಲೇ. ಬೇಸಾಯ ಶುರುವಾಗುವುದಕ್ಕೆ ಆಗ ಇನ್ನೂ ಸುಮಾರು 4,000 ವರ್ಷ ಬಾಕಿ ಇತ್ತು!

ಈಗ ನಾಯಿ ವಿಷಯಕ್ಕೆ ಬರೋಣ. ಅಲ್ಲೇ ಶುಬೈಕಾ 6 ಅನ್ನುವ ಇನ್ನೊಂದು ಜಾಗವಿದೆ, ಸುಮಾರು 11,500 ವರ್ಷ ಹಳೆಯದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಲಿಸಾ ಯೋಮನ್ಸ್ ಅಲ್ಲಿನ ಮೂಳೆಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಅವರ ಕಣ್ಣಿಗೆ ಬಿದ್ದದ್ದು ಹೊಟ್ಟೆಯೊಳಗೆ ಹೋಗಿ ಹೊರಗೆ ಬಂದ ಮೂಳೆ ಚೂರುಗಳು.

ಇಂಥ ಮೂಳೆ ಹೇಗಿರುತ್ತದೆ ಅಂತ ಹೇಳಬೇಕು. ಓದುವಾಗ ನಮಗೆ ಎರಡು ಚೂರು ಕೈಗೆ ಕೊಟ್ಟಿದ್ದರು. ಒಂದು ಚಾಕು ಹಾಕಿ ಮುರಿದದ್ದು, ಇನ್ನೊಂದು ನಾಯಿ ನುಂಗಿ ಹೊರಹಾಕಿದ್ದು. ಮೊದಲನೆಯದರ ಅಂಚು ಚೂಪಾಗಿ, ಬೆರಳಿಗೆ ಚುಚ್ಚುವ ಹಾಗಿತ್ತು. ಎರಡನೆಯದರ ಅಂಚು ಕಾಗದದಷ್ಟು ತೆಳುವಾಗಿತ್ತು. ಮೇಲ್ಮೈ ನುಣುಪಾಗಿ ಮಿನುಗುತ್ತಿತ್ತು, ಅಲ್ಲಲ್ಲಿ ಸಣ್ಣ ಸಣ್ಣ ತೂತು. ಹೊಟ್ಟೆಯ ಆಮ್ಲ ಮೂಳೆಯನ್ನು ಕರಗಿಸುತ್ತಾ ಹೋದ ಗುರುತು ಅದು. ಬಾಯಲ್ಲಿ ಬಹಳ ಹೊತ್ತು ಇದ್ದು ಸವೆದ ಕಲ್ಲುಸಕ್ಕರೆ ನೆನಪಿದೆಯಾ, ಹೆಚ್ಚುಕಡಿಮೆ ಹಾಗೇ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಶುಬೈಕಾ 6ರ ಅಂಥ ಚೂರುಗಳಲ್ಲಿ ಕೆಲವು ಮನುಷ್ಯ ನುಂಗಲಾರದಷ್ಟು ದೊಡ್ಡವು. ಹಾಗಾದರೆ ನುಂಗಿದ್ದು ಯಾರು? ತೋಳವೋ ನರಿಯೋ ಜನ ಬಿಟ್ಟುಹೋದ ಮೇಲೆ ಬಂದು ತಿಂದಿರಬಹುದಲ್ಲ ಅಂತ ಕೇಳಬಹುದು. ಆದರೆ ಆ ಚೂರುಗಳು ಸಿಕ್ಕಿದ್ದು ಜನ ವರ್ಷಪೂರ್ತಿ ವಾಸವಿದ್ದ ಜಾಗದ ಒಳಗೇ. ಅಂದರೆ ನಾಯಿಗಳು ಮನೆಗಳ ನಡುವೆ ಓಡಾಡಿಕೊಂಡಿದ್ದವು.

ಜೊತೆಗೆ ಇನ್ನೊಂದು ವಿಷಯ ಇದೆ. ಅದೇ ಕಾಲದಲ್ಲಿ ಅಲ್ಲಿ ಮೊಲದ ಮೂಳೆ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಬಯಲಿನಲ್ಲಿ ಓಡುವ ಮೊಲಕ್ಕೆ ಬಾಣ ತಾಗುವುದು ಸುಲಭವಲ್ಲ. ನಾಯಿ ಅಟ್ಟಿದರೆ ಸಿಗುತ್ತದೆ. ಬಲೆ ಹಾಕಿಯೂ ಮೊಲ ಹಿಡಿಯಬಹುದು ನಿಜ. ಹಾಗಾಗಿ ನಾಯಿ ಜನರ ಜೊತೆ ವಾಸವಿತ್ತು ಅನ್ನುವುದು ಗಟ್ಟಿ ಮಾತು, ಬೇಟೆಗೂ ಹೋಗುತ್ತಿತ್ತು ಅನ್ನುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾತು. ಆದರೆ ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ಅನುಮಾನ ಉಳಿಯುವುದಿಲ್ಲ.

ಈ ಸೀಮೆಯ ಬೇಟೆ ಅಂದರೆ ಎಲ್ಲರೂ ಹೇಳುವುದು 'ಗಾಳಿಪಟ'ಗಳ ಬಗ್ಗೆ. ಗಜೆಲ್ ಹಿಂಡನ್ನು ಅಟ್ಟಿ ಸಿಕ್ಕಿಸುವ ಉದ್ದುದ್ದ ಕಲ್ಲಿನ ಗೋಡೆಗಳು ಅವು. 1920ರ ದಶಕದಲ್ಲಿ ಬ್ರಿಟಿಷ್ ಪೈಲಟ್‌ಗಳು ವಿಮಾನದಿಂದ ನೋಡಿ ಆ ಹೆಸರಿಟ್ಟರು. ಅದ್ಭುತ, ಒಪ್ಪುತ್ತೇನೆ. ಆದರೆ ನನಗೆ ಜರಡಿಯಲ್ಲಿ ಉಳಿದ ಆ ಸಣ್ಣಪುಟ್ಟ ಚೂರುಗಳೇ ಹೆಚ್ಚು ಪ್ರೀತಿ. ಮಣ್ಣನ್ನು ಜರಡಿ ಹಿಡಿಯದೆ ಬರೀ ದೊಡ್ಡ ಮೂಳೆ ಆರಿಸಿಕೊಂಡಿದ್ದರೆ ಮೊಲವೂ ತಪ್ಪಿಹೋಗುತ್ತಿತ್ತು, ನಾಯಿಯೂ ತಪ್ಪಿಹೋಗುತ್ತಿತ್ತು.

ನಮ್ಮದು ಮುಧೋಳ ಕಡೆ. ಮುಧೋಳ ನಾಯಿ ಮೊಲ ಅಟ್ಟುವುದಕ್ಕೇ ಹೆಸರಾದ ತಳಿ. ಈಗ ಮೊಲದ ಬೇಟೆ ಕಾನೂನಿಗೆ ವಿರುದ್ಧ, ಅದು ಸರಿಯೇ. ಆದರೆ ನಮ್ಮಜ್ಜ ಹಳೆಯ ಕಾಲದ್ದು ಹೇಳುತ್ತಿದ್ದರು: ನಾಯಿ ಮೊಲ ಹಿಡಿದು ತಂದರೆ ತಲೆ, ಕಾಲು ಅದರ ಪಾಲು. ಅದನ್ನು ಕೊಡದೆ ಮನೆಯವರು ಊಟಕ್ಕೆ ಕೂರುತ್ತಿರಲಿಲ್ಲವಂತೆ. ಶುಬೈಕಾದ ವರದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಪಾಲು.