ಕ್ಯಾನಿನ ಹಿಂಬದಿಯ ಸಣ್ಣ ಅಕ್ಷರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡೀಸೆಲ್ ಕಾರಿನ ಎಂಜಿನ್ ಆಯಿಲ್ ಬಗ್ಗೆಯೇ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಕಳೆದ ವರ್ಷ 2021ರ ಬಿಎಸ್6 ಡೀಸೆಲ್ ಕಾರು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 68,000 ಕಿ.ಮೀ. ಓಡಿದೆ. ಅದರ ಪುಸ್ತಕದಲ್ಲಿ '5ಡಬ್ಲ್ಯೂ-30, ಎಸಿಇಎ ಸಿ3' ಎಂದು ಉಂಟು. ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು 'ನಮ್ಮ ಸೆಕೆಗೆ ಅದು ನೀರಾಗ್ತದೆ, 15ಡಬ್ಲ್ಯೂ-40 ಹಾಕಿ' ಅನ್ನುತ್ತಾರೆ. ಹಳೆ ಪಿಕಪ್‌ಗೆಂದು ತಂದ 15ಡಬ್ಲ್ಯೂ-40 ಸಿಐ-4 ಪ್ಲಸ್ ಆಯಿಲ್ ಐದು ಲೀಟರ್ ಮನೆಯಲ್ಲೇ ಇದೆ. ಅದನ್ನೇ ಹಾಕಬಹುದಾ? ಮಕ್ಕಳನ್ನು ಶಾಲೆಗೆ ಬಿಡುವ ನಾಲ್ಕು ಕಿ.ಮೀ. ಓಟವೇ ಜಾಸ್ತಿ. ಈಚೆಗೆ ಡಿಪಿಎಫ್‌ನ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಹಳದಿ ಲೈಟ್ ಬಂದು ಹೋಗುತ್ತಾ ಇದೆ. (ಬದಿಯಡ್ಕ ಸಮೀಪದ ಕೃಷಿಕರು)

ಉತ್ತರ: ಹಾಕಬೇಡಿ. ಆ ಐದು ಲೀಟರ್ ಪಿಕಪ್‌ಗೇ ಇರಲಿ. ನಿಮ್ಮ ಕಾರಿಗೆ ಪುಸ್ತಕದಲ್ಲಿ ಬರೆದದ್ದೇ ಬೇಕು, ಅದರಲ್ಲೂ 5ಡಬ್ಲ್ಯೂ-30ಕ್ಕಿಂತ ಅದರ ಪಕ್ಕದಲ್ಲಿರುವ ಸಿ3 (ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಇಟ್ಟಿರುವ ದರ್ಜೆ) ಮುಖ್ಯ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಇದೊಂದು ವಿಷಯ ಗೊತ್ತಿಲ್ಲದೆ ನಮ್ಮ ಕಡೆ ಒಳ್ಳೊಳ್ಳೆ ಗಾಡಿಗಳು ಹಾಳಾಗುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಅಂಕಿಯ ವಿಷಯ. ಜೋನಿಬೆಲ್ಲ ನೆನಪಿಸಿಕೊಳ್ಳಿ. ತಣ್ಣಗಿರುವಾಗ ಚಮಚದಿಂದ ಇಳಿಯಲು ಹಟ ಮಾಡುತ್ತದೆ, ಬಿಸಿ ದೋಸೆಯ ಮೇಲೆ ಬಿದ್ದ ಕೂಡಲೇ ಹರಿದು ಹೋಗುತ್ತದೆ. ಆಯಿಲ್ ಕೂಡ ಹಾಗೆಯೇ. ಡಬ್ಲ್ಯೂ ಅಂದರೆ ವಿಂಟರ್, ಅದಕ್ಕಿಂತ ಮೊದಲಿನ ಅಂಕಿ ತಣ್ಣಗಿರುವಾಗಿನ ಲೆಕ್ಕ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 15ಡಬ್ಲ್ಯೂ ಆಯಿಲನ್ನು ಮೈನಸ್ 20ರಲ್ಲಿ. ಕಾಸರಗೋಡಿನಲ್ಲಿ ಅಂಥ ಚಳಿ ಎಲ್ಲಿದೆ ಅಂತ ಕೇಳಬಹುದು. ಇಲ್ಲ, ಸರಿ. ಆದರೆ ಎಂಜಿನ್ ಪಾಲಿಗೆ ನಮ್ಮ 25 ಡಿಗ್ರಿಯ ಬೆಳಗ್ಗೆಯೂ ತಣ್ಣಗೇ. ರಾತ್ರಿಯಿಡೀ ಆಯಿಲ್ ಎಂಜಿನ್ನಿನ ತಳದ ತೊಟ್ಟಿಗೆ (ಸಂಪ್) ಇಳಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಅದು ಮೇಲೆ ಟರ್ಬೊವರೆಗೆ ಏರಬೇಕು. ತೆಳು ಇದ್ದಷ್ಟು ಬೇಗ ಏರುತ್ತದೆ. ನಾಲ್ಕು ಕಿ.ಮೀ. ಓಡಿಸಿ ನಿಲ್ಲಿಸುವ ನಿಮ್ಮಂಥವರಿಗೆ ಇದು ದಿನಕ್ಕೆ ಎಷ್ಟು ಸಲ ಆಗುತ್ತದೆ ನೋಡಿ.

ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದು. 'ನಮ್ಮ ಸೆಕೆ'ಯ ಮಾತು ಇಲ್ಲಿ ಬರುತ್ತದೆ, ಅಲ್ವಾ? ಆದರೆ ಎಂಜಿನ್ನಿನ ಕೂಲಂಟನ್ನು ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ, ಗಾಡಿ ಕುಂಬಳೆಯಲ್ಲಿರಲಿ ಮಡಿಕೇರಿಯಲ್ಲಿರಲಿ. ಹೊರಗಿನ ಐದು ಹತ್ತು ಡಿಗ್ರಿಯ ವ್ಯತ್ಯಾಸ ಅದಕ್ಕೆ ದೊಡ್ಡದಲ್ಲ. ಇನ್ನೂ ಒಂದು ವಿಷಯ ಇದೆ. ಆಯಿಲನ್ನು 150 ಡಿಗ್ರಿಯಲ್ಲಿ ಜೋರಾಗಿ ತಿಕ್ಕಿ, ಆಗಲೂ ಎಷ್ಟು ದಪ್ಪ ಉಳಿಯುತ್ತದೆ ಅಂತ ನೋಡುವ ಪರೀಕ್ಷೆಯೊಂದುಂಟು. ಸಾಮಾನ್ಯ 30 ಆಯಿಲ್ ಅದರಲ್ಲಿ 2.9 ಬಂದರೆ ಪಾಸ್. ಸಿ3 ಅನ್ನಿಸಿಕೊಳ್ಳಲು ಕನಿಷ್ಠ 3.5 ಬೇಕು. 5ಡಬ್ಲ್ಯೂ-40 ಆಯಿಲಿಗೆ ಇಟ್ಟಿರುವ ಮಿತಿಯೂ ಅದೇ 3.5. ಅಂದಮೇಲೆ ನಿಮ್ಮ ಆಯಿಲ್ ನೀರಾಗುವ ಮಾತೇ ಇಲ್ಲ.

ಈಗ ಸಿ3. ನಿಮ್ಮ ಮನೆಯ ಬಚ್ಚಲ ಒಲೆಗೆ ತೆಂಗಿನ ಮಡಲು, ಅಡಕೆ ಸಿಪ್ಪೆ ಹಾಕಿ ಉರಿಸುತ್ತೀರಿ. ಮಸಿ ಹಿಡಿದರೆ ಬೆಂಕಿ ಜೋರು ಮಾಡಿದಾಗ ಅದು ಉರಿದು ಹೋಗುತ್ತದೆ. ಬೂದಿ? ಅದು ಎಷ್ಟು ಉರಿಸಿದರೂ ಬೂದಿಯೇ. ನಾವು ಗೋರಿ ತೆಗೆದು ತೆಂಗಿನ ಬುಡಕ್ಕೆ ಹಾಕುತ್ತೇವೆ. ಬಿಎಸ್6 ಡೀಸೆಲ್ ಕಾರಿನ ಡಿಪಿಎಫ್ ಅಂಥದ್ದೇ ಒಂದು ಒಲೆ, ಆದರೆ ಗೋರಿ ತೆಗೆಯಲು ಬಾಗಿಲಿಲ್ಲ. ಹೊಗೆಯ ಮಸಿ ಅದರ ಸಣ್ಣ ಸಣ್ಣ ತೂತುಗಳಲ್ಲಿ ನಿಲ್ಲುತ್ತದೆ. ಕಾರು ಆಗಾಗ ತಾನಾಗಿಯೇ ಅದನ್ನು ಸುಮಾರು 600 ಡಿಗ್ರಿಗೆ ಬಿಸಿ ಮಾಡಿ ಮಸಿ ಸುಡುತ್ತದೆ. ಆದರೆ ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಉರಿಯುತ್ತಲೇ ಇರುತ್ತದಲ್ಲ, ಅದರಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಸೇರಿಕೆಗಳು ಬೂದಿಯಾಗಿ ಅಲ್ಲೇ ಕೂರುತ್ತವೆ. ಅವು ಎಂದೂ ಸುಡುವುದಿಲ್ಲ. ಸಿ3 ಆಯಿಲಿನಲ್ಲಿ ಈ ಬೂದಿಯ ಅಂಶ ಶೇಕಡಾ 0.8 ದಾಟಬಾರದು ಅಂತ ನಿಯಮ. ನಿಮ್ಮ ಪಿಕಪ್‌ನ ಸಿಐ-4 ಪ್ಲಸ್ ಥರದ ಆಯಿಲುಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಜಾಸ್ತಿ. ಸಿಐ-4 ಎಂಬ ಡೀಸೆಲ್ ಆಯಿಲ್ ದರ್ಜೆ ಬಂದದ್ದು 2002ರಲ್ಲಿ, ಡಿಪಿಎಫ್ ಇರುವ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ ಅದು. ಒಂದು ಸಲ ಹಾಕಿದರೆ ನಾಳೆಯೇ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಜನ ನಂಬುವುದಿಲ್ಲ. ವರ್ಷಗಟ್ಟಲೆ ಬೂದಿ ತುಂಬಿ ತುಂಬಿ ಒಂದು ದಿನ ಡಿಪಿಎಫ್ ಬದಲಾಯಿಸಬೇಕು ಅಂದಾಗ, ಆ ಬಿಲ್ಲಿನ ಮುಂದೆ ಆಯಿಲಿನಲ್ಲಿ ಉಳಿಸಿದ ದುಡ್ಡು ಏನೇನೂ ಅಲ್ಲ.

ಅಂಗಡಿಯವರನ್ನು ಬೈಯಬೇಡಿ. ಅವರ ಮಾತು ಒಂದು ಕಾಲಕ್ಕೆ ಸರಿಯೇ ಇತ್ತು. ಬಿಎಸ್3 ಕಾಲದ ಡೀಸೆಲಿನಲ್ಲಿ ಗಂಧಕ 350 ಪಿಪಿಎಂವರೆಗೆ ಇರುತ್ತಿತ್ತು. ಅದು ಉರಿದು ಆಗುವ ಆಮ್ಲವನ್ನು ಕೊಲ್ಲಲು ಆಯಿಲಿನಲ್ಲಿ ಈ ಸೇರಿಕೆಗಳು ಜಾಸ್ತಿ ಬೇಕಿತ್ತು. ಬಿಎಸ್4ರಲ್ಲಿ ಅದು 50ಕ್ಕೆ ಇಳಿಯಿತು, 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಕಡೆ 10. ತಲಪಾಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿದರೂ, ಈಚೆ ಹಾಕಿಸಿದರೂ ಅದೇ 10. ಡೀಸೆಲ್ ಬದಲಾಯಿತು, ಸಲಹೆ ಬದಲಾಗಲಿಲ್ಲ, ಅಷ್ಟೇ.

ಇನ್ನು ಹಳದಿ ಲೈಟ್. ನಾಲ್ಕು ಕಿ.ಮೀ. ಓಟದಲ್ಲಿ ಆ ಒಲೆ ಬಿಸಿಯೇ ಆಗುವುದಿಲ್ಲ. ಸುಡಲು ಶುರು ಮಾಡುವಷ್ಟರಲ್ಲಿ ನೀವು ಶಾಲೆಯ ಗೇಟಿನಲ್ಲಿ ಆಫ್ ಮಾಡುತ್ತೀರಿ. ವಾರಕ್ಕೊಮ್ಮೆ ಕುಂಬಳೆಗೆ ಇಳಿದು ಹೈವೇಯಲ್ಲಿ ತಲಪಾಡಿ ಕಡೆಗೆ ಒಂದೇ ವೇಗದಲ್ಲಿ 20 ನಿಮಿಷ ಓಡಿಸಿ. ಎಷ್ಟು ವೇಗ, ಯಾವ ಗೇರ್ ಎಂಬುದು ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಲೈಟ್ ಹೋಗದಿದ್ದರೆ, ಅಥವಾ ಮಿನುಗಲು ಶುರುವಾದರೆ, ತಡ ಮಾಡದೆ ಸರ್ವೀಸ್‌ಗೆ ಕೊಡಿ. ಮತ್ತೆ ಆಯಿಲ್ ಗೇಜ್ (ಆಯಿಲಿನ ಮಟ್ಟ ನೋಡುವ ಕಡ್ಡಿ) ನೋಡಿ, ಇವತ್ತೇ. ಮಸಿ ಸುಡಲು ಕಾರು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ, ಅರ್ಧದಲ್ಲಿ ನಿಂತರೆ ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಇಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ಕಡಿಮೆಯಾಗುವುದರ ಬದಲು ಏರುತ್ತದೆ! ಗೇಜ್ ಎಳೆದು ಮೂಗಿನ ಹತ್ತಿರ ಹಿಡಿಯಿರಿ. ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಬಂದರೆ, ಕಿ.ಮೀ. ಲೆಕ್ಕ ನೋಡದೆ ಆಯಿಲ್ ಬದಲಾಯಿಸಿ. ಗೇಜ್ ನೋಡುವಾಗ ಗಾಡಿ ಸಮತಟ್ಟು ಅಂಗಳದಲ್ಲಿರಲಿ, ಆಫ್ ಮಾಡಿ ಹತ್ತು ನಿಮಿಷ ಆಗಿರಲಿ. ನಮ್ಮ ಕಡೆ ಮನೆಗಳೆಲ್ಲ ಗುಡ್ಡದ ಬದಿಯಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಗೇಜ್ ತಪ್ಪೇ ಹೇಳುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಹತ್ತು ಥರದ 5ಡಬ್ಲ್ಯೂ-30 ಇದೆ. ಎಲ್ಲದರ ಮೇಲೂ 'ಡೀಸೆಲ್', 'ಸಿಂಥೆಟಿಕ್' ಅಂತ ದೊಡ್ಡದಾಗಿ ಬರೆದಿದೆ. ಆರಿಸುವುದು ಹೇಗೆ? (ಮಂಜೇಶ್ವರದ ಓದುಗರು)

ಉತ್ತರ: ಕ್ಯಾನ್ ತಿರುಗಿಸಿ. ಮುಂದಿನ ದೊಡ್ಡ ಅಕ್ಷರ ಮಾರಾಟಕ್ಕೆ, ಹಿಂದಿನ ಸಣ್ಣ ಅಕ್ಷರ ನಿಮ್ಮ ಎಂಜಿನ್‌ಗೆ. ಅಲ್ಲಿ ಮೂರು ಸಾಲು ಹುಡುಕಿ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಎಂಬುದರ ಮುಂದೆ 'ಎಸ್‌ಎನ್/ಸಿಎಫ್' ಅಂತೇನೋ ಇರುತ್ತದೆ. ಎಸ್ ಪೆಟ್ರೋಲಿಗೆ, ಸಿ ಡೀಸೆಲಿಗೆ. ಸಿಎಫ್ ಎಂಬುದು 1994ರ ಹಳೆ ದರ್ಜೆ, ಅದನ್ನು ನೋಡಿ ಡೀಸೆಲಿಗೆ ಆಗುತ್ತದೆ ಅಂತ ತೀರ್ಮಾನಿಸಬೇಡಿ. ಕಾರಿನ ಡೀಸೆಲ್ ಎಂಜಿನ್‌ಗೆ ನಿಜವಾದ ಗುರುತು ಎಸಿಇಎ ಸಾಲು. ಎ3/ಬಿ4, ಎ5/ಬಿ5 ಡಿಪಿಎಫ್ ಇಲ್ಲದ ಗಾಡಿಗಳಿಗೆ, ಸಿ2, ಸಿ3 ಡಿಪಿಎಫ್ ಇರುವುದಕ್ಕೆ. ಸಿ2 ಮತ್ತು ಸಿ3 ಕೂಡ ಒಂದೇ ಅಲ್ಲ. ನಾನು ಮೇಲೆ ಹೇಳಿದ 150 ಡಿಗ್ರಿಯ ಪರೀಕ್ಷೆಯಲ್ಲಿ ಸಿ2ಗೆ 2.9 ಸಾಕು.

ಮೂರನೆಯದು ಕಾರು ಕಂಪನಿಯ ಸ್ವಂತ ನಂಬರ್. ಫೋಕ್ಸ್‌ವ್ಯಾಗನ್‌ಗೆ 507.00, ಮರ್ಸಿಡಿಸ್‌ಗೆ 229.51, ರೆನೋಗೆ ಆರ್‌ಎನ್0720, ಹೀಗೆ. ನಿಮ್ಮ ಪುಸ್ತಕದಲ್ಲಿ ಅಂಥ ನಂಬರ್ ಇದ್ದರೆ ಕ್ಯಾನಿನ ಹಿಂದೆಯೂ ಅದೇ ನಂಬರ್ ಬೇಕು. ಅದರ ಮುಂದೆ 'ಅಪ್ರೂವಲ್' ಅಂತಿದ್ದರೆ ಕಾರು ಕಂಪನಿ ಪರೀಕ್ಷಿಸಿ ಒಪ್ಪಿದೆ ಎಂದರ್ಥ. 'ಮೀಟ್ಸ್', 'ಸೂಟಬಲ್ ಫಾರ್' ಅಂತಿದ್ದರೆ ಅದು ಆಯಿಲ್ ಕಂಪನಿಯವರೇ ಹೇಳಿಕೊಂಡ ಮಾತು. ನಾನಾದರೆ ಅಪ್ರೂವಲ್ ಇರುವುದನ್ನೇ ತೆಗೆದುಕೊಳ್ಳುತ್ತೇನೆ. ಈ ಮೂರು ಸಾಲು ಹೊಂದಿದ ಮೇಲೆ ಬ್ರ್ಯಾಂಡ್ ಯಾವುದಾದರೂ ನನಗೆ ತಕರಾರಿಲ್ಲ.

ಪ್ರಶ್ನೆ: ಆಯಿಲ್ ಚೇಂಜ್ ಮಾಡಿಸಿ ಒಂದು ವಾರ, 400 ಕಿ.ಮೀ. ಕೂಡ ಆಗಿಲ್ಲ. ಗೇಜ್ ಎಳೆದು ನೋಡಿದರೆ ಕಪ್ಪು ಮಸಿ. ಹಳೆ ಆಯಿಲೇ ಬಿಟ್ಟು ನನಗೆ ಮೋಸ ಮಾಡಿದರಾ? (ಕುಂಬಳೆಯ ಗೃಹಿಣಿ)

ಉತ್ತರ: ಅಕ್ಕ, ಬಣ್ಣ ನೋಡಿ ಹಾಗೆ ಹೇಳಲು ಆಗುವುದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೇ ಕಪ್ಪಾಗುತ್ತದೆ. ಮಸಿಯನ್ನು ತೊಳೆದು ತನ್ನಲ್ಲೇ ಹಿಡಿದಿಡುವುದು ಅದರ ಕೆಲಸ. ಪಾತ್ರೆ ತೊಳೆದ ನೀರು ಕಪ್ಪಾದರೆ ಪಾತ್ರೆ ಶುಭ್ರವಾಯಿತು ಅಂತ ತಾನೇ?

ಆದರೆ ನಿಮ್ಮ ಅನುಮಾನ ಸುಮ್ನೆ ಬಂದದ್ದೂ ಅಲ್ಲ. ನನಗೇ ಒಂದು ಸಲ ಹೀಗಾಯಿತು. ಒಂದು ವರ್ಕ್‌ಶಾಪಿನಲ್ಲಿ ಗಾಡಿ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದಾಗ ಕೆಲಸ ಮುಗಿದಿತ್ತು, ಬಿಲ್ಲಿನಲ್ಲಿ '5ಡಬ್ಲ್ಯೂ-30, 5 ಲೀಟರ್' ಅಂತ ಮಾತ್ರ ಬರೆದಿತ್ತು. ಯಾವ ಆಯಿಲ್, ಸಿ3 ಹೌದೋ ಅಲ್ಲವೋ ಅಂತ ಕೇಳಿದರೆ ಬ್ಯಾರೆಲ್ ತೋರಿಸಿದರು. ಬ್ಯಾರೆಲಿನ ಮೇಲಿನ ಲೇಬಲ್ ಎಣ್ಣೆ, ಧೂಳು ಹತ್ತಿ ಓದಲು ಆಗುವ ಹಾಗೆ ಇರಲಿಲ್ಲ. ಬೆರಳಿನಿಂದ ಉಜ್ಜಿದೆ, '15' ಅಂತ ಕಂಡಿತು, ಮುಂದಿನದ್ದು ಹರಿದು ಹೋಗಿತ್ತು. ಮರುದಿನ ನನ್ನದೇ ದುಡ್ಡಿನಲ್ಲಿ ಬೇರೆ ಆಯಿಲ್ ತಂದು ಮತ್ತೊಮ್ಮೆ ಬದಲಾಯಿಸಿದೆ. ಆ ದಿನದಿಂದ ಆಯಿಲ್ ಚೇಂಜ್ ಆಗುವಾಗ ನಾನು ಗಾಡಿಯ ಪಕ್ಕ ಬಿಟ್ಟು ಹೋಗುವುದಿಲ್ಲ.

ನೀವೂ ಹಾಗೆ ಮಾಡಿ. ಸೀಲ್ ಇರುವ ಕ್ಯಾನ್ ನಿಮ್ಮ ಎದುರೇ ಒಡೆಯಲಿ. ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದು ಇಳಿಯುವುದನ್ನು ನೋಡಿ, ಮೊದಲು ಧಾರೆಯಾಗಿ ಬಂದು ಆಮೇಲೆ ತೊಟ್ಟಿಕ್ಕಲು ಶುರುವಾಗುತ್ತದೆ, ಆ ತೊಟ್ಟು ನಿಲ್ಲುವವರೆಗೆ ಅವಸರ ಬೇಡ. ಫಿಲ್ಟರ್ ಹೊಸದು, ಬೋಲ್ಟಿನ ವಾಷರ್ ಹೊಸದು. ಖಾಲಿ ಕ್ಯಾನ್ ಮನೆಗೆ ತನ್ನಿ, ಇಲ್ಲದಿದ್ದರೆ ಅಲ್ಲೇ ತೂತು ಮಾಡಿಸಿ. ಖಾಲಿ ಕ್ಯಾನಿಗೇ ನಕಲಿ ಆಯಿಲ್ ತುಂಬಿಸಿ ಮಾರುವವರಿದ್ದಾರೆ. ಬಿಲ್ಲಿನಲ್ಲಿ ಆಯಿಲಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ಕೇಳಲು ನಾಚಿಕೆ ಬೇಡ ಅಕ್ಕ, ದುಡ್ಡು ಕೊಡುವುದು ನೀವು.

ಪ್ರಶ್ನೆ: ನನ್ನದು 2012ರ 1.3 ಲೀಟರ್ ಡೀಸೆಲ್, 1,60,000 ಕಿ.ಮೀ. ಆಗಿದೆ. 3,000 ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತದೆ. 20ಡಬ್ಲ್ಯೂ-50 ಹಾಕಿದರೆ ನಿಲ್ಲುತ್ತದೆ ಅನ್ನುತ್ತಾರೆ. (ಉಪ್ಪಳದ ಓದುಗರು)

ಉತ್ತರ: ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. ಒಂದು ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಡಿ, ಬೆಳಗ್ಗೆ ಕಲೆ ಇದ್ದರೆ ಲೀಕ್. ಟರ್ಬೊದಿಂದ ಹೋಗುವ ಪೈಪ್ ಬಿಚ್ಚಿಸಿ ಒಳಗೆ ಆಯಿಲ್ ನಿಂತಿದೆಯಾ ನೋಡಿಸಿ. ಏರು ಹತ್ತುವಾಗ ಹಿಂದಿನಿಂದ ನೀಲಿ ಹೊಗೆ ಬರುತ್ತದಾ ಅಂತ ಯಾರನ್ನಾದರೂ ನೋಡಲು ಹೇಳಿ. 20ಡಬ್ಲ್ಯೂ-50 ಬೇಡ. ಈ 1.3ರಲ್ಲಿ ಟೈಮಿಂಗ್ ಚೈನ್ ಇದೆ, ಅದನ್ನು ಬಿಗಿ ಹಿಡಿಯುವುದು ಆಯಿಲಿನ ಒತ್ತಡ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ದಪ್ಪ ಆಯಿಲ್ ಅಲ್ಲಿಗೆ ತಲುಪಲು ತಡವಾದಷ್ಟು ಚೈನ್ ಸಡಿಲ ಹೊಡೆದುಕೊಳ್ಳುತ್ತದೆ. ಪುಸ್ತಕದಲ್ಲಿ ಒಂದಕ್ಕಿಂತ ಜಾಸ್ತಿ ಗ್ರೇಡ್ ಕೊಟ್ಟಿದ್ದರೆ ಅದರಲ್ಲಿರುವ ದಪ್ಪದ್ದನ್ನು ಹಾಕಿ, 5ಡಬ್ಲ್ಯೂ-40 ಎ3/ಬಿ4 ಅಲ್ಲಿದ್ದರೆ ಒಳ್ಳೆಯದು. ನಿಮ್ಮ ಗಾಡಿಗೆ ಡಿಪಿಎಫ್ ಇಲ್ಲ, ಬೂದಿಯ ಚಿಂತೆ ಬೇಡ. ಗೇಜಿನ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್ ವ್ಯತ್ಯಾಸ, ಅಂದರೆ 3,000 ಕಿ.ಮೀ. ನೋಡದೇ ಓಡಿಸಿದರೆ ನೀವು ಕೆಳಗಿನ ಗೆರೆಗೆ ಬಂದಿರುತ್ತೀರಿ. 500 ಕಿ.ಮೀ.ಗೊಮ್ಮೆ ನೋಡಿ.

ಪ್ರಶ್ನೆ: ನಾವು ತಮಿಳುನಾಡಿನ ತಾಳವಾಡಿಯವರು. ದಾರಿಯಲ್ಲಿ ಆಯಿಲ್ ಕಡಿಮೆ ಆದರೆ ಸಿಕ್ಕಿದ್ದನ್ನು ಹಾಕಬಹುದಾ? ದಿಂಬಂ ಘಾಟಿ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಬಾರದು ಅಂತಾರೆ, ನಿಜವಾ?

ಉತ್ತರ: ಕೆಳಗಿನ ಗೆರೆಗಿಂತ ಇಳಿದಿದ್ದರೆ ಸಿಕ್ಕಿದ ಡೀಸೆಲ್ ಎಂಜಿನ್ ಆಯಿಲ್ ಅರ್ಧ ಲೀಟರ್ ಹಾಕಿ ಮನೆ ಸೇರಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಹೋದಾಗ ಸರಿಯಾದದ್ದು ಒಂದು ಲೀಟರ್ ತಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಈ ಪ್ರಶ್ನೆಯೇ ಬರುವುದಿಲ್ಲ. ಘಾಟಿಯ ವಿಷಯ ನಿಜ. 27 ತಿರುವು ಲೋಡ್ ಹಾಕಿಕೊಂಡು ಹತ್ತಿದ ಮೇಲೆ ಟರ್ಬೊ ಕೆಂಡದ ಹಾಗಿರುತ್ತದೆ. ಕೂಡಲೇ ಆಫ್ ಮಾಡಿದರೆ ಆಯಿಲಿನ ಓಟ ನಿಂತು ಒಳಗಿದ್ದದ್ದು ಅಲ್ಲೇ ಸುಟ್ಟು ಕರಕಲು ಕಟ್ಟುತ್ತದೆ. ಮೇಲೆ ಚಹಾ ಕುಡಿಯಲು ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಕೀ ತಿರುಗಿಸಿ.